ಹಳೆಯ ಮಾರುತಿ 800ರ ‘ಎ.ಸಿ. ಪಂಪ್’: ಮನೆಯಂಗಳದಲ್ಲೇ ಬದಲಿಸುವುದು ಹೇಗೆ

ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಇರುವ ಮಾರುತಿ 800 ಮತ್ತು ಓಮ್ನಿಗಳಲ್ಲಿ ಪೆಟ್ರೋಲನ್ನು ಟ್ಯಾಂಕಿನಿಂದ ಇಂಜಿನ್ನಿನವರೆಗೆ ಎಳೆದು ತರುವುದು ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ಒಂದು ಪಂಪ್. ಅದಕ್ಕೆ ಕರೆಂಟ್ ಬೇಡ, ವೈರ್ ಇಲ್ಲ. ಗ್ಯಾರೇಜುಗಳಲ್ಲಿ ಇದರ ಹೆಸರು ‘ಎ.ಸಿ. ಪಂಪ್’. ಹವಾನಿಯಂತ್ರಣಕ್ಕೂ ಇದಕ್ಕೂ ಸಂಬಂಧವಿಲ್ಲ. ಇಂಥ ಪಂಪುಗಳನ್ನು ಮಾಡುತ್ತಿದ್ದ ಹಳೆಯ ಎ.ಸಿ. ಎಂಬ ಬ್ರ್ಯಾಂಡಿನ ಹೆಸರು ವಸ್ತುವಿಗೇ ಅಂಟಿಕೊಂಡಿದೆ. ಅಂಗಡಿಯಲ್ಲಿ ‘ಪೆಟ್ರೋಲ್ ಪಂಪ್ ಕೊಡಿ’ ಎಂದರೆ ಇನ್ನೊಂದು ಪ್ರಶ್ನೆ ಬರುತ್ತದೆ, ‘800 ಕಾರ್ಬುರೇಟರ್ ಗಾಡಿಯ ಎ.ಸಿ. ಪಂಪ್’ ಎಂದರೆ ಸೀದಾ ಡಬ್ಬಿ ಬರುತ್ತದೆ.

ಬಿಚ್ಚಿ ಹೊಸದು ಕೂರಿಸುವುದು ಕೈ ಪಳಗಿದವರಿಗೆ ಅರ್ಧ ಗಂಟೆ, ಮೊದಲ ಸಲ ಮಾಡುವವರಿಗೆ ಎರಡು ಗಂಟೆಯ ಕೆಲಸ. ಜನ ಎಡವುವುದು ಬಿಚ್ಚುವುದರಲ್ಲಲ್ಲ. ಕೆಡದೇ ಇರುವ ಪಂಪನ್ನು ಬದಲಿಸುತ್ತಾರೆ. ಇಲ್ಲವೇ ನಿಜಕ್ಕೂ ಹರಿದ ಪಂಪನ್ನು ಬದಲಿಸಿ, ಇಂಜಿನ್ ಆಯಿಲನ್ನು ಹಾಗೆಯೇ ಬಿಡುತ್ತಾರೆ. ಮೊದಲನೆಯದರಲ್ಲಿ ಹೋಗುವುದು ದುಡ್ಡು. ಎರಡನೆಯದರಲ್ಲಿ ಹೋಗುವುದು ಇಂಜಿನ್. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮುಂಚಿನ ಪರೀಕ್ಷೆಗೂ ಆಮೇಲಿನ ಆಯಿಲ್ ಕೆಲಸಕ್ಕೂ ಇಲ್ಲಿ ಹೆಚ್ಚು ಜಾಗ ಕೊಟ್ಟಿದೆ.

ಒಂದು ಎಚ್ಚರಿಕೆ ಮೊದಲೇ ಇರಲಿ: 2000ದ ಆಸುಪಾಸಿನಿಂದ ಬಂದ, ಕಾರ್ಬುರೇಟರಿನ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಗಾಡಿಗಳಿಗೆ ಈ ಲೇಖನ ಅನ್ವಯಿಸುವುದಿಲ್ಲ. ಅವುಗಳಲ್ಲಿ ಪಂಪ್ ಟ್ಯಾಂಕಿನೊಳಗೇ ಮುಳುಗಿರುತ್ತದೆ, ಕರೆಂಟಿನಲ್ಲಿ ಓಡುತ್ತದೆ, ಒತ್ತಡವೂ ಇದರ ಸುಮಾರು ಹತ್ತು ಪಟ್ಟು. ಇಲ್ಲಿ ಹೇಳಿದ ಹಾಗೆ ಅದರ ಪೈಪನ್ನು ಎಳೆದರೆ ಪೆಟ್ರೋಲ್ ಚಿಮ್ಮಿ ಮುಖಕ್ಕೇ ಹಾರುತ್ತದೆ.

ಪಂಪ್ ಕೆಲಸ ಮಾಡುವ ಬಗೆ

ಇಂಜಿನ್ನಿನ ವಾಲ್ವುಗಳನ್ನು ತೆರೆಯುವ ತಿರುಗುವ ದಂಡವಾದ ಕ್ಯಾಮ್ ಶಾಫ್ಟಿನ ಮೇಲೆ ಒಂದು ಉಬ್ಬು ಇರುತ್ತದೆ. ಶಾಫ್ಟ್ ತಿರುಗಿದಾಗ ಆ ಉಬ್ಬು ಒಂದು ಸಣ್ಣ ಕಬ್ಬಿಣದ ಕಡ್ಡಿಯನ್ನು ನೂಕುತ್ತದೆ, ಕಡ್ಡಿ ಪಂಪಿನ ಲಿವರನ್ನು ಒತ್ತುತ್ತದೆ, ಲಿವರ್ ರಬ್ಬರ್ ಬಟ್ಟೆಯ ಡಯಾಫ್ರಮನ್ನು ಎಳೆಯುತ್ತದೆ. ಆಗ ಟ್ಯಾಂಕಿನ ಕಡೆಯಿಂದ ಪೆಟ್ರೋಲ್ ಒಳಗೆ ಬರುತ್ತದೆ. ಉಬ್ಬು ದಾಟಿದ ಮೇಲೆ ಡಯಾಫ್ರಮನ್ನು ವಾಪಸ್ ನೂಕಿ ಪೆಟ್ರೋಲನ್ನು ಕಾರ್ಬುರೇಟರಿಗೆ ಕಳಿಸುವುದು ಒಳಗಿನ ಸ್ಪ್ರಿಂಗ್. ಅಂದರೆ ಎಳೆಯುವುದು ಇಂಜಿನ್, ನೂಕುವುದು ಸ್ಪ್ರಿಂಗ್. ಇದು ನೆನಪಿದ್ದರೆ ಮುಂದಿನ ಪರೀಕ್ಷೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ಒತ್ತಡ ಬಹಳ ಕಡಿಮೆ, ಚದರ ಸೆಂ.ಮೀ.ಗೆ ಕಾಲು ಕೆ.ಜಿ. ಆಸುಪಾಸು. ಒಳಗೆ ಬರುವ ದಾರಿಗೊಂದು, ಹೊರಗೆ ಹೋಗುವ ದಾರಿಗೊಂದು ವಾಲ್ವ್ ಇರುತ್ತದೆ.

ಹಾಗಾಗಿ ಕೆಡುವ ಬಗೆಗಳೂ ಮುಖ್ಯವಾಗಿ ನಾಲ್ಕೇ. ಡಯಾಫ್ರಮ್ ಹರಿಯುತ್ತದೆ. ವಾಲ್ವ್ ಸರಿಯಾಗಿ ಕೂರುವುದಿಲ್ಲ. ಆಗ ರಾತ್ರಿ ನಿಂತ ಗಾಡಿಯ ಪೈಪಿನಲ್ಲಿದ್ದ ಪೆಟ್ರೋಲೆಲ್ಲ ಟ್ಯಾಂಕಿಗೆ ವಾಪಸ್ ಹೋಗಿ, ಬೆಳಗ್ಗೆ ಹತ್ತು ಹನ್ನೆರಡು ಸಲ ಸೆಲ್ಫ್ ಹೊಡೆಯಬೇಕಾಗುತ್ತದೆ. ಸ್ಪ್ರಿಂಗ್ ಸೋಲುತ್ತದೆ, ಊರೊಳಗೆ ಚೆನ್ನಾಗಿರುವ ಗಾಡಿ ಹೈವೇಯಲ್ಲಿ, ಘಾಟಿ ಹತ್ತುವಾಗ ಜಗ್ಗತೊಡಗುತ್ತದೆ. ಕೊನೆಯದಾಗಿ ಲಿವರ್ ಅಥವಾ ಕಡ್ಡಿ ಸವೆದು ಡಯಾಫ್ರಮ್ ಪೂರ್ತಿ ಚಲಿಸುವುದಿಲ್ಲ.

ಕೆಟ್ಟಿರುವುದು ಪಂಪೇ ಹೌದೇ?

ಇಂಜಿನ್ ತಣ್ಣಗಿರುವಾಗ ಮೊದಲು ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಮಟ್ಟ ಮೇಲಿನ ಗುರುತು ದಾಟಿದ್ದರೆ, ಬೆರಳಿಗೆ ನೀರಿನಷ್ಟು ತೆಳುವಾಗಿ ಹತ್ತಿದರೆ, ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ, ಡಯಾಫ್ರಮ್ ಹರಿದಿರುವ ಸಾಧ್ಯತೆ ಬಹಳ. ಪೆಟ್ರೋಲ್ ಪಂಪಿನ ಹಿಂಬದಿಯಿಂದ ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನೊಳಕ್ಕೆ ಜಿನುಗಿ, ತಳದಲ್ಲಿ ಆಯಿಲ್ ನಿಲ್ಲುವ ಸಂಪ್‌ಗೆ ಇಳಿದಿದೆ. ಇಂಥ ಗಾಡಿಯನ್ನು ಗ್ಯಾರೇಜಿನವರೆಗೂ ಓಡಿಸಬೇಡಿ, ಪರೀಕ್ಷೆಗೆಂದು ಸ್ಟಾರ್ಟ್ ಕೂಡ ಮಾಡಬೇಡಿ.

ನಂತರ ಪಂಪಿನ ಮೈ ನೋಡಿ. ಹೊಟ್ಟೆಯ ಅಂಚಿನಲ್ಲಿ ಸೂಜಿ ಗಾತ್ರದ ಒಂದು ತೂತು ಇರುತ್ತದೆ. ಅದನ್ನು ಒರೆಸಿ, ಕೆಳಗೆ ಹಳೆಯ ದಿನಪತ್ರಿಕೆಯ ಹಾಳೆ ಹಾಸಿ. ಪೆಟ್ರೋಲ್ ತೊಟ್ಟಿಕ್ಕಿದರೆ ಡಯಾಫ್ರಮ್ ಹೋಗಿದೆ. ಕಪ್ಪು ಆಯಿಲ್ ಬಂದರೆ ಲಿವರ್ ಕಡೆಯ ಸೀಲ್ ಸವೆದಿದೆ. ಎರಡಕ್ಕೂ ಹೊಸ ಪಂಪೇ ಪರಿಹಾರ. ಆ ತೂತಿಗೆ ಎಂ-ಸೀಲ್ ಮೆತ್ತುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ: ಹೊರಗೆ ಬಂದು ಎಚ್ಚರಿಸುತ್ತಿದ್ದ ಪೆಟ್ರೋಲ್ ಆಗ ಒಳಗೇ ಆಯಿಲಿಗೆ ಸೇರುತ್ತದೆ.

ಸೋರಿಕೆ ಏನೂ ಕಾಣದೆ ಗಾಡಿ ಮಾತ್ರ ಹಸಿದಂತೆ ಒದ್ದಾಡುತ್ತಿದ್ದರೆ ಏರ್ ಕ್ಲೀನರ್ ತೆಗೆದು ಕಾರ್ಬುರೇಟರಿನ ಬಾಯೊಳಗೆ ಟಾರ್ಚ್ ಬಿಡಿ. ಇಂಜಿನ್ ಬಂದ್ ಇರುವಾಗಲೇ ಆಕ್ಸಿಲರೇಟರ್ ಕೇಬಲ್ ಕೂಡುವ ತೋಳನ್ನು ಕೈಯಿಂದ ಒಮ್ಮೆ ಪೂರ್ತಿ ತಿರುಗಿಸಿ. ತೆಳುವಾದ ಪೆಟ್ರೋಲ್ ಧಾರೆ ಚಿಮ್ಮಿದರೆ ಕಾರ್ಬುರೇಟರಿನೊಳಗೆ ಪೆಟ್ರೋಲ್ ಶೇಖರವಾಗುವ ಫ್ಲೋಟ್ ಚೇಂಬರಿನಲ್ಲಿ ಪೆಟ್ರೋಲಿದೆ, ತೊಂದರೆ ಇಗ್ನಿಷನ್ನಿನಲ್ಲೋ (ಕಿಡಿ ಕೊಡುವ ವ್ಯವಸ್ಥೆ) ಜೆಟ್ಟಿನಲ್ಲೋ (ಪೆಟ್ರೋಲ್ ಹಾಯುವ ಸಣ್ಣ ತೂತು) ಇದೆ. ಧಾರೆ ಬರದಿದ್ದರೆ ಪೆಟ್ರೋಲ್ ಅಲ್ಲಿಗೆ ತಲುಪಿಲ್ಲದಿರಬಹುದು, ಮುಂದಿನ ಪರೀಕ್ಷೆಗೆ ಹೋಗಿ.

ಇಗ್ನಿಷನ್ ಕಾಯಿಲಿಗೆ ಬರುವ ಪ್ಲಸ್ ವೈರನ್ನು ಕಳಚಿ ಟೇಪ್ ಸುತ್ತಿ, ಎಲ್ಲೂ ಕಿಡಿ ಹಾರಬಾರದು. ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಪೈಪನ್ನು ಕಾರ್ಬುರೇಟರ್ ತುದಿಯಲ್ಲಿ ಬಿಚ್ಚಿ, ಉದ್ದ ಸಾಲದಿದ್ದರೆ ಇನ್ನೊಂದು ತುಂಡು ಸೇರಿಸಿ, ಇಂಜಿನ್ನಿನಿಂದ ದೂರ ಹಿಡಿದ ಲೋಹದ ಡಬ್ಬಿಗೆ ಬಿಡಿ. ಒಬ್ಬರು ಡಬ್ಬಿ ಹಿಡಿಯಲಿ, ಇನ್ನೊಬ್ಬರು 15 ಸೆಕೆಂಡ್ ಸೆಲ್ಫ್ ಹೊಡೆಯಲಿ. ಸೆಲ್ಫಿನಲ್ಲಿ ಇಂಜಿನ್ ನಿಮಿಷಕ್ಕೆ 250 ಸುತ್ತು ತಿರುಗುತ್ತದೆ ಎಂದುಕೊಂಡರೆ ಕ್ಯಾಮ್ ಶಾಫ್ಟ್ ತಿರುಗುವುದು ಅದರ ಅರ್ಧ. 15 ಸೆಕೆಂಡಿಗೆ ಪಂಪ್ ಸುಮಾರು 30 ಸಲ ಒತ್ತುತ್ತದೆ. ಒಳ್ಳೆಯ ಪಂಪಾದರೆ ಮೊದಲ ಒಂದೆರಡು ಒತ್ತು ಗಾಳಿಯಾಗಿ ಹೋಗಿ, ಆಮೇಲೆ ‘ಚಳಕ್ ಚಳಕ್’ ಎಂದು ತಾಳಕ್ಕೆ ತಕ್ಕಂತೆ ಪೆಟ್ರೋಲ್ ಬೀಳುತ್ತದೆ. ಕೊನೆಗೆ ಅರ್ಧ ಟೀ ಲೋಟದಷ್ಟಾದರೂ ಸಿಗಬೇಕು. ಅಳತೆಗಿಂತ ಆ ಚಳಕು ಮುಖ್ಯ. ಗುಳ್ಳೆಗುಳ್ಳೆಯಾಗಿ ಬಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಹನಿಹನಿಯಾಗಿ ಬಂದರೆ ಪಂಪ್ ಸೋತಿದೆ, ಇಲ್ಲವೇ ಹಿಂದೆ ದಾರಿ ಕಟ್ಟಿದೆ.

ಈ ಎರಡರಲ್ಲಿ ಯಾವುದು ಎಂದು ಬಿಡಿಸಿ ಹೇಳುವ ಪರೀಕ್ಷೆಯನ್ನು ಬಹಳ ಮಂದಿ ಮಾಡುವುದೇ ಇಲ್ಲ. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪನ್ನು ಪಂಪಿನ ಬಳಿ ಕಳಚಿ ತುದಿಗೆ ಬಿರಡೆ ಹಾಕಿ. ಪಂಪಿನ ಆ ಮೂತಿಗೆ ಒಂದು ಅಡಿ ಹೊಸ ಪೈಪ್ ಸಿಕ್ಕಿಸಿ ಅದರ ತುದಿಯನ್ನು ಶುದ್ಧ ಪೆಟ್ರೋಲ್ ಇರುವ ಸಣ್ಣ ಡಬ್ಬಿಯಲ್ಲಿ ಮುಳುಗಿಸಿ. ಮತ್ತೆ ಸೆಲ್ಫ್ ಹೊಡೆಯಿರಿ. ಈಗ ಚಳಕು ಚೆನ್ನಾಗಿ ಬಂತೆಂದರೆ ಪಂಪ್ ಗಟ್ಟಿಯಾಗಿದೆ. ತಪ್ಪು ಫಿಲ್ಟರಿನದು, ಗಾಡಿಯಡಿ ಬಿರುಕು ಬಿಟ್ಟ ರಬ್ಬರ್ ಪೈಪಿನದು, ಟ್ಯಾಂಕಿನೊಳಗೆ ತುಕ್ಕು ತುಂಬಿದ ಜಾಲರಿಯದು ಅಥವಾ ಮುಚ್ಚಳದ ಗಾಳಿತೂತಿನದು. ಟ್ಯಾಂಕಿನ ಮುಚ್ಚಳ ತೆಗೆದಾಗ ‘ಹುಸ್ಸ್’ ಎಂದು ಗಾಳಿ ಒಳಗೆ ನುಗ್ಗಿ, ಆಮೇಲೆ ಗಾಡಿ ಸರಿಯಾಗಿ ಓಡಿದರೆ ಮುಚ್ಚಳವೊಂದನ್ನು ಬದಲಿಸಿದರೆ ಸಾಕು.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮಾತ್ರ ನಿಂತು, ತಣಿದ ಮೇಲೆ ತಾನೇ ಹೊರಡುವ ಗಾಡಿಯಲ್ಲಿ ಪಂಪಿನೊಳಗಿನ ಪೆಟ್ರೋಲ್ ಆವಿಯಾಗಿ ಕುಳಿತಿರಬಹುದು. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಬಿಟ್ಟಾಗ ಹೊರಟರೆ ಅದೇ ಕಾರಣ. ಆಗ ಪಂಪಿನ ಹಿಂದೆ ಕಾವು ತಡೆಯುವ ದಪ್ಪ ಇನ್ಸುಲೇಟರ್ ಇದೆಯೇ, ಯಾರಾದರೂ ಹಿಂದೊಮ್ಮೆ ತೆಗೆದು ಎಸೆದಿದ್ದಾರೆಯೇ ಎಂದು ಮೊದಲು ನೋಡಬೇಕು.

ಸಾಮಾನು

ಈಗ ಬಂಕುಗಳಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. 1990ರ ದಶಕದ ಗಾಡಿಯ ರಬ್ಬರನ್ನು ಅದನ್ನು ಲೆಕ್ಕಕ್ಕಿಟ್ಟು ಮಾಡಿದ್ದಲ್ಲ. ಹಳೆಯ ಡಯಾಫ್ರಮ್ ಉಬ್ಬಿ ಮೆತ್ತಗಾಗುತ್ತದೆ, ಗಾಡಿ ತಿಂಗಳುಗಟ್ಟಲೆ ನಿಂತರೆ ಒಣಗಿ ಸೀಳುತ್ತದೆ. ಎಥನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ ನಿಂತ ಗಾಡಿಯ ಟ್ಯಾಂಕಿನಲ್ಲಿ ತುಕ್ಕು ಹಿಡಿಯುತ್ತದೆ. ಪಂಪ್ ಕೊಳ್ಳುವಾಗ ಇ20ಗೆ (ಶೇ. 20 ಎಥನಾಲ್ ಇರುವ ಪೆಟ್ರೋಲಿಗೆ) ಹೊಂದುವ ಡಯಾಫ್ರಮ್ ಇರುವುದನ್ನೇ ಕೇಳಿ. ಹತ್ತು ವರ್ಷ ಗೋದಾಮಿನಲ್ಲಿ ಕೂತ ‘ಹೊಸ’ ಪಂಪೂ ಒಳಗೆ ಒಣಗಿರುತ್ತದೆ, ಡಬ್ಬಿಯ ಮೇಲಿನ ಪ್ಯಾಕಿಂಗ್ ತಾರೀಕು ನೋಡದೆ ದುಡ್ಡು ಕೊಡಬೇಡಿ. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಈ ಗಾಡಿಗಳ ಬಿಡಿಭಾಗ ಇನ್ನೂ ಸಿಗುತ್ತದೆ. ಎಲ್ಲೇ ಕೊಂಡರೂ ಹಳೆಯ ಪಂಪಿನ ಫೋಟೋ ಮೊಬೈಲಿನಲ್ಲಿರಲಿ. ಮೂತಿಗಳು ಎಷ್ಟಿವೆ, ಯಾವ ದಿಕ್ಕಿಗೆ ತಿರುಗಿವೆ ಎಂಬುದು ಒಂದೊಂದು ಪಂಪಿನಲ್ಲಿ ಒಂದೊಂದು ಥರ.

ಕೌಂಟರಿನಲ್ಲೇ ಹೊಸ ಪಂಪನ್ನು ಪರೀಕ್ಷಿಸಬಹುದು. ಒಳಬರುವ ಮೂತಿಗೆ ಬೆರಳು ಒತ್ತಿ ಹಿಡಿದು ಲಿವರನ್ನು ಹೆಬ್ಬೆರಳಿನಿಂದ ಒತ್ತಿ. ಬೆರಳಿನ ಚರ್ಮವನ್ನು ಎಳೆದುಕೊಂಡಂತೆ ಅನ್ನಿಸಬೇಕು, ಆ ಎಳೆತ ಕೆಲವು ಸೆಕೆಂಡ್ ನಿಲ್ಲಬೇಕು. ಆಮೇಲೆ ಹೊರಹೋಗುವ ಮೂತಿಯನ್ನೂ, ಮಿಕ್ಕ ಪೆಟ್ರೋಲನ್ನು ಟ್ಯಾಂಕಿಗೆ ಕಳಿಸುವ ವಾಪಸ್ ಮೂತಿ ಇದ್ದರೆ ಅದನ್ನೂ ಮುಚ್ಚಿ, ಲಿವರ್ ಒತ್ತಿ ಬಿಡಿ: ಬೆರಳನ್ನು ಗಾಳಿ ನೂಕಬೇಕು. ಒಳ್ಳೆಯ ಅಂಗಡಿಯವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಪಂಪಿನ ಜೊತೆ ತರಬೇಕಾದ್ದು: ಪಂಪಿನ ಪ್ಯಾಕಿಂಗ್ (ಆಯಿಲ್ ಸೋರದಂತೆ ನಡುವೆ ಇಡುವ ತೆಳು ಹಾಳೆ) ಎರಡು, ಪೆಟ್ರೋಲ್ ಫಿಲ್ಟರ್ ಒಂದು, ಇ20 ತಡೆಯುವ ಪೆಟ್ರೋಲ್ ಪೈಪ್ ಒಂದೂವರೆ ಮೀಟರ್ (ಒಳಗಿನ ಅಳತೆಯನ್ನು ಹಳೆಯ ತುಂಡು ತೋರಿಸಿ ಹೊಂದಿಸಿ, ಸಾಮಾನ್ಯವಾಗಿ 6 ಮಿ.ಮೀ. ಆಸುಪಾಸು), ಹೊಸ ಕ್ಲಿಪ್ ಎಂಟು, 20ಡಬ್ಲ್ಯು-40 ಇಂಜಿನ್ ಆಯಿಲ್ 3 ಲೀಟರ್, ಆಯಿಲ್ ಫಿಲ್ಟರ್ ಮತ್ತು ಡ್ರೈನ್ ಬೋಲ್ಟಿನ ವಾಶರ್. ಅಕ್ವೇರಿಯಮ್ಮಿಗೆ ಹಾಕುವಂಥ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಬೇಡ. ಪೆಟ್ರೋಲ್ ಕಾಣಿಸುತ್ತದೆ ಎಂದು ಹಾಕಿಸಿಕೊಳ್ಳುತ್ತಾರೆ; ಇಂಜಿನ್ನಿನ ಬಿಸಿಗೆ ಅದು ಕೆಲವೇ ತಿಂಗಳಲ್ಲಿ ಕಡ್ಡಿಯಂತಾಗಿ ಬಿರಿಯುತ್ತದೆ, ಬಿರಿದದ್ದು ಎಕ್ಸಾಸ್ಟಿನ ಹತ್ತಿರವಾದರೆ ಗಾಡಿಯೇ ಉರಿಯುತ್ತದೆ.

ಉಪಕರಣ ಹೆಚ್ಚೇನೂ ಬೇಡ. 10 ಮತ್ತು 12ರ ರಿಂಗ್ ಸ್ಪ್ಯಾನರ್ ಹಾಗೂ ಸಾಕೆಟ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಹರಿತವಾದ ಬ್ಲೇಡ್, ಪೈಪಿಗೆ ಬಿರಡೆಯಾಗಿ ಹಾಕಲು ನಯವಾದ ಎರಡು ಬೋಲ್ಟ್, ಗ್ರೀಸ್, ಹತ್ತಿ ಬಟ್ಟೆ, ಎಲ್‌ಇಡಿ ಟಾರ್ಚ್.

ಬೆಂಕಿಯ ವಿಷಯದಲ್ಲಿ ರಾಜಿ ಬೇಡ

ಕೆಲಸ ಬಯಲಲ್ಲೇ ಆಗಬೇಕು. ಮನೆಯ ಕೆಳಗಿನ ಪಾರ್ಕಿಂಗಿನಲ್ಲಿ, ಶೆಟರ್ ಇಳಿಸಿದ ಗ್ಯಾರೇಜಿನಲ್ಲಿ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗಿ ಚದುರುವುದಿಲ್ಲ, ನೆಲದ ಮೇಲೆ ಹರಿದು ತಗ್ಗಿನಲ್ಲಿ, ಚರಂಡಿಯಲ್ಲಿ ಶೇಖರವಾಗುತ್ತದೆ. ಹತ್ತಿರದ ಅಡುಗೆಮನೆಯ ಒಲೆ, ತುಳಸಿಕಟ್ಟೆಯ ದೀಪ, ಊದಿನಕಡ್ಡಿ, ನೀರಿನ ಮೋಟಾರಿನ ಸ್ವಿಚ್ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಈ ಕೆಲಸ ಶುರುಮಾಡಬೇಡಿ. ಒಂದು ಬಕೆಟ್ ಒಣ ಮರಳು, ಸಾಧ್ಯವಿದ್ದರೆ ಒಣ ಪುಡಿಯ ಅಗ್ನಿಶಾಮಕ ಕೈಗೆಟುಕುವಲ್ಲಿ ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಬೆಂಕಿ ತೇಲಿಕೊಂಡು ಹರಡುತ್ತದೆ.

ಪೈಪಿನಲ್ಲಿ ಬಾಯಿಂದ ಪೆಟ್ರೋಲ್ ಎಳೆಯುವ ಅಭ್ಯಾಸ ಇನ್ನೂ ಹೋಗಿಲ್ಲ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಅದು ನ್ಯುಮೋನಿಯಾಗೆ ತಿರುಗುತ್ತದೆ, ಪ್ರಾಣಕ್ಕೂ ಕುತ್ತು. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ.

ಬಿಚ್ಚುವುದು

ಇಂಜಿನ್ ಪೂರ್ತಿ ತಣ್ಣಗಿರಲಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿ ಪಕ್ಕಕ್ಕೆ. ಟ್ಯಾಂಕಿನ ಮುಚ್ಚಳ ಒಮ್ಮೆ ತೆಗೆದು ಒಳಗಿನ ಒತ್ತಡ ಬಿಟ್ಟು ಮತ್ತೆ ಮುಚ್ಚಿ. ಓಮ್ನಿಯಾದರೆ ಇಂಜಿನ್ ಮುಂದಿನ ಸೀಟಿನ ಕೆಳಗಿದೆ, ಸೀಟು ಎತ್ತಿ ಎರಡೂ ಬಾಗಿಲು ತೆರೆದೇ ಕೆಲಸ ಮಾಡಿ. ಗಾಡಿಯ ಮೂತಿ ಇಳಿಜಾರಿಗೆ ನಿಂತಿದ್ದು ಟ್ಯಾಂಕ್ ತುಂಬಿದ್ದರೆ ಪೈಪ್ ಕಳಚಿದೊಡನೆ ಪೆಟ್ರೋಲ್ ತಾನೇ ಹರಿಯುತ್ತದೆ, ಸಮತಟ್ಟು ಜಾಗ ನೋಡಿಕೊಳ್ಳಿ.

ಪಂಪ್ ಕಾಣದಿದ್ದರೆ ಕಾರ್ಬುರೇಟರಿನಿಂದ ಪೈಪ್ ಹಿಡಿದು ಹಿಂದಕ್ಕೆ ಹೋಗಿ. ಸಿಲಿಂಡರ್ ಹೆಡ್ಡಿನ ಮೈಗೆ ಬೋಲ್ಟುಗಳಲ್ಲಿ ಕೂತ, ಪೈಪುಗಳೆಲ್ಲ ಬಂದು ಸೇರುವ ಗುಂಡಗಿನ ಡಬ್ಬಿಯೇ ಪಂಪ್. ಸಾಮಾನ್ಯವಾಗಿ ಮೂರು ಪೈಪ್ ಇರುತ್ತವೆ: ಟ್ಯಾಂಕಿನಿಂದ ಬರುವುದು, ಕಾರ್ಬುರೇಟರಿಗೆ ಹೋಗುವುದು, ಮಿಕ್ಕ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಒಯ್ಯುವುದು. ಕಳಚುವ ಮೊದಲೇ ಒಂದೊಂದಕ್ಕೂ ಬೇರೆ ಬಣ್ಣದ ಟೇಪ್ ಸುತ್ತಿ ಫೋಟೋ ತೆಗೆಯಿರಿ. ಕಾರ್ಬುರೇಟರ್ ಪೈಪೂ ವಾಪಸ್ ಪೈಪೂ ಅದಲುಬದಲಾದರೆ ಪೆಟ್ರೋಲೆಲ್ಲ ಟ್ಯಾಂಕಿಗೇ ಸುತ್ತು ಹೊಡೆಯುತ್ತದೆ, ಕಾರ್ಬುರೇಟರ್ ಒಣಗಿರುತ್ತದೆ. ಆಗ ಹೊಸ ಪಂಪೇ ಕೆಟ್ಟಿದೆ ಎಂದುಕೊಂಡು ಅಂಗಡಿಗೆ ಓಡುವವರಿದ್ದಾರೆ.

ಹಳೆಯ ಪೈಪ್ ಮೂತಿಗೆ ಬೆಸೆದಂತೆ ಹಿಡಿದಿರುತ್ತದೆ. ಎಳೆದಾಡಬೇಡಿ, ಪ್ಲೇಯರಿನಿಂದ ತಿರುಚಬೇಡಿ. ಬಾಡಿಯಿಂದ ಬರುವ ತೆಳು ಲೋಹದ ನಳಿಗೆ ಹಾಗೆಯೇ ಮುರಿಯುವುದು. ಪೈಪ್ ಹೇಗೂ ಹೊಸದು ಹಾಕುತ್ತೀರಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಾಳೆಹಣ್ಣಿನ ಸಿಪ್ಪೆಯಂತೆ ಬಿಡಿಸಿ. ಲೋಹಕ್ಕೆ ಗೀರು ಬೀಳದಷ್ಟೇ ಒತ್ತಿ. ಟ್ಯಾಂಕಿನ ಕಡೆಯ ಪೈಪಿಗೆ ಕೂಡಲೇ ಬೋಲ್ಟ್ ಬಿರಡೆ ಹಾಕಿ.

ಈಗ ಪಂಪಿನ ಎರಡು ಬೋಲ್ಟ್. ಒಂದನ್ನು ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಹೋಗಬೇಡಿ. ಎರಡೂ ಬೋಲ್ಟನ್ನು ಒಂದೊಂದು ಸುತ್ತು ಸರದಿಯಲ್ಲಿ ಸಡಿಲಿಸಿ. ಪಂಪ್ ಬೋಲ್ಟಿನ ಜೊತೆಗೇ ಹೊರಕ್ಕೆ ತಳ್ಳಿಕೊಂಡು ಬರುತ್ತಿದ್ದರೆ ಕ್ಯಾಮ್ ಉಬ್ಬು ಕಡ್ಡಿಯನ್ನು ಒತ್ತಿ ಹಿಡಿದಿದೆ ಎಂದರ್ಥ. ಹಾಗೇ ಮುಂದುವರಿದರೆ ಪಂಪಿನ ಕಿವಿ ಮುರಿಯುತ್ತದೆ ಅಥವಾ ಹೆಡ್ಡಿನ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಟಾಪ್ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ಗಾಡಿಯನ್ನು ಮುಂದಕ್ಕೆ ಒಂದೂವರೆ ಅಡಿ ಮೆಲ್ಲಗೆ ನೂಕಿ. ಅಷ್ಟಕ್ಕೆ ಕ್ರ್ಯಾಂಕ್ (ಇಂಜಿನ್ನಿನ ಮುಖ್ಯ ದಂಡ) ಸುಮಾರು ಒಂದು ಸುತ್ತು, ಕ್ಯಾಮ್ ಅರ್ಧ ಸುತ್ತು ತಿರುಗಿ ಉಬ್ಬು ಆಚೆ ಹೋಗುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದಿದ್ದರೆ ಒಬ್ಬರೇ ನೂಕಬಹುದು. ಹಿಂದಕ್ಕೆ ನೂಕಬೇಡಿ, ಟೈಮಿಂಗ್ ಬೆಲ್ಟಿರುವ ಇಂಜಿನ್ನನ್ನು ಅದು ಓಡುವ ದಿಕ್ಕಿಗೇ ತಿರುಗಿಸುವುದು ಕ್ಷೇಮ. ಮತ್ತೆ ನ್ಯೂಟ್ರಲ್, ಮತ್ತೆ ಹ್ಯಾಂಡ್‌ಬ್ರೇಕ್.

ಕಡ್ಡಿ ಮತ್ತು ಇನ್ಸುಲೇಟರ್

ಪಂಪ್ ಕೈಗೆ ಬಂದಾಗ ಹಿಂದೆ ಎರಡು ವಸ್ತು ಉಳಿದಿರುತ್ತವೆ. ಇವನ್ನು ಕಡೆಗಣಿಸಿದ್ದಕ್ಕೇ ಹೊಸ ಪಂಪುಗಳು ಆರು ತಿಂಗಳಿಗೆ ಹಾಳಾಗುತ್ತವೆ.

ಒಂದು, ಲಿವರನ್ನು ನೂಕುವ ಕಡ್ಡಿ. ಮೆಲ್ಲಗೆ ಹೊರಗೆಳೆದು ಒರೆಸಿ, ಎರಡೂ ತುದಿಗಳನ್ನು ಬೆಳಕಿಗೆ ಹಿಡಿದು ನೋಡಿ. ಮಾಮೂಲು ಸವೆತ ಕನ್ನಡಿಯಂತೆ ನುಣುಪಾಗಿ ಹೊಳೆಯುತ್ತದೆ. ತುದಿ ಅಣಬೆಯಂತೆ ಹರಡಿದ್ದರೆ, ಗುಳಿ ಬಿದ್ದಿದ್ದರೆ, ಅಥವಾ ಹೊಸ ಕಡ್ಡಿಯ ಪಕ್ಕಕ್ಕಿಟ್ಟಾಗ ಗಿಡ್ಡವಾಗಿ ಕಂಡರೆ ಬದಲಿಸಿ. ಪಂಪಿನ ಚಲನೆಯೇ ಕೆಲವು ಮಿ.ಮೀ. ಮಾತ್ರ, ಕಡ್ಡಿ ಒಂದು ಮಿ.ಮೀ. ಗಿಡ್ಡವಾದರೂ ಪೆಟ್ರೋಲ್ ಅಷ್ಟು ಕಡಿಮೆಯಾಗುತ್ತದೆ.

ಇನ್ನೊಂದು, ಪಂಪಿಗೂ ಹೆಡ್ಡಿಗೂ ನಡುವೆ ಕೂರುವ ದಪ್ಪ ಇನ್ಸುಲೇಟರ್, ಅದರ ಎರಡೂ ಮಗ್ಗುಲಿಗೆ ಒಂದೊಂದು ತೆಳು ಪ್ಯಾಕಿಂಗ್. ಇದಕ್ಕೆ ಎರಡು ಕೆಲಸ. ಹೆಡ್ಡಿನ ಕಾವು ಪಂಪಿಗೆ ಹತ್ತದಂತೆ ತಡೆಯುವುದು ಒಂದಾದರೆ, ಲಿವರ್ ಎಷ್ಟು ಚಲಿಸಬೇಕೆಂಬ ಅಳತೆ ಕಾಯುವುದು ಇನ್ನೊಂದು. ಇನ್ಸುಲೇಟರ್ ಇಲ್ಲದೆ ಪಂಪ್ ಕೂರಿಸಿದರೆ ಕಡ್ಡಿ ಲಿವರನ್ನು ಮಿತಿಮೀರಿ ಒತ್ತಿ ಡಯಾಫ್ರಮನ್ನು ಬೇಗ ಹರಿಯುತ್ತದೆ, ಬೇಸಿಗೆಯಲ್ಲಿ ಪೆಟ್ರೋಲ್ ಆವಿಯೂ ಆಗುತ್ತದೆ. ಆಯಿಲ್ ಸೋರದಿರಲಿ ಎಂದು ಎರಡು ಮೂರು ಪ್ಯಾಕಿಂಗ್ ಪೇರಿಸಿದರೆ ಉಲ್ಟಾ, ಚಲನೆ ಕಡಿಮೆಯಾಗಿ ಪೆಟ್ರೋಲ್ ಸಾಲದು. ಇನ್ಸುಲೇಟರನ್ನು ಗಾಜಿನ ಮೇಲಿಟ್ಟು ನೋಡಿ. ಬಾಗಿದ್ದರೆ, ಬಿರುಕಿದ್ದರೆ ಹೊಸದು ಬೇಕು. ಹಳೆಯ ಪ್ಯಾಕಿಂಗಿನ ಚೂರುಗಳನ್ನು ಪ್ಲಾಸ್ಟಿಕ್ ಚೂರಿನಿಂದ ಕೆರೆದು ತೆಗೆಯಿರಿ. ಕೆರೆಯುವಾಗ ಕಡ್ಡಿಯ ತೂತಿಗೆ ಬಟ್ಟೆ ತುರುಕಿರಲಿ, ಚೂರು ಒಳಗೆ ಬಿದ್ದರೆ ಆಯಿಲಿನ ದಾರಿಗೆ ಹೋಗುತ್ತದೆ. ಬಟ್ಟೆ ಆಮೇಲೆ ತೆಗೆಯುವುದನ್ನು ಮರೆಯಬೇಡಿ.

ಕೂರಿಸುವುದು

ಕಡ್ಡಿಗೆ ಧಾರಾಳವಾಗಿ ಗ್ರೀಸ್ ಹಚ್ಚಿ ತೂತಿಗೆ ಇಳಿಸಿ, ಪಂಪ್ ಹಿಡಿಯುವಷ್ಟು ಹೊತ್ತು ಗ್ರೀಸೇ ಅದನ್ನು ಜಾರದಂತೆ ಹಿಡಿಯುತ್ತದೆ. ಕಡ್ಡಿ ಅತಿ ಹೆಚ್ಚು ಒಳಗೆ ಹೋಗುವ ಸ್ಥಿತಿಗೆ ಇಂಜಿನ್ ಇರಬೇಕು. ಹೊರಗೆ ಚಾಚಿಕೊಂಡಿದ್ದರೆ ಮತ್ತೊಮ್ಮೆ ಗಾಡಿ ನೂಕಿ. ಪ್ಯಾಕಿಂಗ್, ಇನ್ಸುಲೇಟರ್, ಪ್ಯಾಕಿಂಗ್ ಈ ಕ್ರಮದಲ್ಲಿ ಜೋಡಿಸಿ. ಪ್ಯಾಕಿಂಗಿಗೆ ತೆಳುವಾಗಿ ಗ್ರೀಸ್ ಸವರಿದರೆ ಸಾಕು, ಶೆಲಾಕ್, ಸಿಲಿಕಾನ್ ಅಂಟು ಏನೂ ಬೇಡ. ಅಂಟಿನ ಉಂಡೆ ಒಳಗೆ ಬಿದ್ದರೆ ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ.

ಪಂಪನ್ನು ಒತ್ತಿ ಹಿಡಿದು ಎರಡೂ ಬೋಲ್ಟನ್ನು ಬೆರಳಿನಲ್ಲೇ ಹತ್ತಿಸಿ. ಸ್ವಲ್ಪ ಸ್ಪ್ರಿಂಗ್ ಒತ್ತಡ ಇದ್ದೇ ಇರುತ್ತದೆ. ಕೈಯಿಂದ ಒತ್ತಿದರೆ ಪಂಪ್ ಹೆಚ್ಚುಕಮ್ಮಿ ಮುಖಕ್ಕೆ ಮುಖ ತಾಗಬೇಕು. ಅರ್ಧ ಇಂಚು ಸಂದಿ ಉಳಿದಿದ್ದರೆ ಲಿವರ್ ಕಡ್ಡಿಯ ಮೇಲೆ ಕೂತಿಲ್ಲ, ತೆಗೆದು ಮತ್ತೆ ನೋಡಿ. ಆ ಸಂದಿಯನ್ನು ಬೋಲ್ಟಿನಿಂದ ಎಳೆದು ಮುಚ್ಚಲು ಹೋಗಬಾರದು. ಆಮೇಲೆ ಅರ್ಧರ್ಧ ಸುತ್ತು ಸರದಿಯಲ್ಲಿ ಬಿಗಿ ಮಾಡಿ. ಬಿಗಿತ ಅಳೆಯುವ ಟಾರ್ಕ್ ರೆಂಚ್ ಇದ್ದರೆ 2 ಕೆ.ಜಿ.-ಮೀಟರ್ ಸಾಕು. ಇಲ್ಲದಿದ್ದರೆ ಗಿಡ್ಡ ಸ್ಪ್ಯಾನರನ್ನು ಒಂದೇ ಕೈಯಲ್ಲಿ ಹಿಡಿದು, ಗಟ್ಟಿಯಾದ ಮೇಲೆ ಕಾಲು ಸುತ್ತಿಗೂ ಕಡಿಮೆ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಿಗಿಯುವ ಜಾಗ ಇದಲ್ಲ.

ಹೊಸ ಪೈಪುಗಳನ್ನು ಟೇಪಿನ ಬಣ್ಣ ನೋಡಿ ಸಿಕ್ಕಿಸಿ. ಪಂಪಿನ ಮೈಮೇಲೆ ಬಾಣದ ಗುರುತು ಇದ್ದರೆ ಹೊಂದಿಸಿ ನೋಡಿ. ಪೈಪ್ ಮೂತಿಯ ಉಬ್ಬು ದಾಟಿ ಕನಿಷ್ಠ 2 ಸೆಂ.ಮೀ. ಒಳಗೆ ಹೋಗಲಿ, ಕ್ಲಿಪ್ ಆ ಉಬ್ಬಿನ ಹಿಂದೆ ಕೂರಲಿ. ಫಿಲ್ಟರಿನ ಬಾಣ ಪೆಟ್ರೋಲ್ ಹರಿಯುವ ದಿಕ್ಕಿಗೆ. ಎಲ್ಲೂ ಪೈಪ್ ಮಡಚಿಕೊಂಡಿರಬಾರದು, ಎಕ್ಸಾಸ್ಟಿಗೆ ತಾಗಬಾರದು.

ಇಂಜಿನ್ ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಬೇಡಿ

ಡಿಪ್‌ಸ್ಟಿಕ್ಕಿನಲ್ಲಿ ಪೆಟ್ರೋಲ್ ವಾಸನೆ ಇದ್ದ ಗಾಡಿಗೆ ಈ ಹೆಜ್ಜೆ ಕಡ್ಡಾಯ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಇರಬೇಕಾದ್ದು ಕೂದಲಿಗಿಂತ ತೆಳುವಾದ ಆಯಿಲ್ ಪದರ. ಪೆಟ್ರೋಲ್ ಬೆರೆತ ಆಯಿಲಿಗೆ ಆ ಪದರ ಹಿಡಿದು ನಿಲ್ಲಿಸುವ ಶಕ್ತಿ ಇರುವುದಿಲ್ಲ, ಲೋಹಕ್ಕೆ ಲೋಹ ಉಜ್ಜುತ್ತದೆ. ಬೇರಿಂಗ್ ಹೋದ ಇಂಜಿನ್ನಿನ ರಿಪೇರಿ ಖರ್ಚಿನ ಮುಂದೆ ಪಂಪಿನ ಬೆಲೆ ಏನೂ ಅಲ್ಲ. ಸಂಪಿನಲ್ಲಿ ತುಂಬಿದ ಪೆಟ್ರೋಲ್ ಆವಿ ಕಿಡಿಗೆ ಸಿಕ್ಕರೆ ಸ್ಫೋಟದ ಅಪಾಯವೂ ಇದೆ.

ಹಾಗಾಗಿ ಹೊಸ ಪಂಪ್ ಕೂತ ಮೇಲೆ, ಮೊದಲ ಸೆಲ್ಫಿಗೆ ಮುನ್ನ, ಹಳೆಯ ಆಯಿಲನ್ನು ತಣ್ಣಗಿರುವಾಗಲೇ ಇಳಿಸಿ. ಮಾಮೂಲಿ ಸರ್ವಿಸಿನಲ್ಲಿ ಇಂಜಿನ್ ಬಿಸಿ ಮಾಡಿ ಇಳಿಸುತ್ತಾರೆ. ಇಲ್ಲಿ ಅದು ಬೇಡವೇ ಬೇಡ. ಅರ್ಧ ಗಂಟೆ ಸುರಿಯಲು ಬಿಡಿ. ಆಯಿಲ್ ಫಿಲ್ಟರಿನೊಳಗೂ ಅದೇ ಕಲಬೆರಕೆ ಉಳಿದಿರುತ್ತದೆ, ಅದನ್ನೂ ಬದಲಿಸಿ. ಹೊಸ ಫಿಲ್ಟರಿನ ರಬ್ಬರಿಗೆ ಒಂದು ಹನಿ ಆಯಿಲ್ ಸವರಿ ಕೈಯಿಂದಲೇ ಬಿಗಿ ಮಾಡಿ. ಮೊದಲು ಎರಡೂವರೆ ಲೀಟರ್ ಸುರಿದು, ಆಮೇಲೆ ಡಿಪ್‌ಸ್ಟಿಕ್ ನೋಡುತ್ತ ಮೇಲಿನ ಗುರುತಿನವರೆಗೆ ತುಂಬಿ. ಆಯಿಲ್ ಮುಚ್ಚಳ ತೆಗೆದಿಟ್ಟು ಕಾಲು ಗಂಟೆ ಆವಿ ಹೋಗಲು ಬಿಡಿ.

ಮೊದಲ ಸ್ಟಾರ್ಟ್

ಚೆಲ್ಲಿದ ಪೆಟ್ರೋಲ್ ಒರೆಸಿ, ಆ ಬಟ್ಟೆಯನ್ನು ದೂರ ಬಿಸಿಲಲ್ಲಿ ಹರವಿ. ವಾಸನೆ ಪೂರ್ತಿ ಹೋದ ಮೇಲೆ ಕಾಯಿಲ್ ವೈರ್, ಕೊನೆಯಲ್ಲಿ ಬ್ಯಾಟರಿ ಜೋಡಿಸಿ. ಏರ್ ಕ್ಲೀನರನ್ನು ಮೊದಲು ಕೂರಿಸಿ. ಬಾಯಿ ತೆರೆದ ಕಾರ್ಬುರೇಟರ್ ಒಮ್ಮೆ ಕೆಮ್ಮಿದರೆ ಬೆಂಕಿ ಮೇಲಕ್ಕೆ ಬರುತ್ತದೆ. ಒಣಗಿದ ಪೈಪ್, ಫಿಲ್ಟರ್, ಫ್ಲೋಟ್ ಚೇಂಬರ್ ತುಂಬಲು ಹೊತ್ತು ಬೇಕು. ಹತ್ತು ಸೆಕೆಂಡ್ ಸೆಲ್ಫ್, ಅರ್ಧ ನಿಮಿಷ ಬಿಡುವು, ಹೀಗೆ ಐದಾರು ಸಲ. ಒಂದೇ ಸಮ ಸೆಲ್ಫ್ ಹೊಡೆದರೆ ಪೆಟ್ರೋಲ್ ಬರುವ ಮುಂಚೆ ಸ್ಟಾರ್ಟರ್ ಮೋಟಾರ್ ಸುಡುತ್ತದೆ.

ಇಂಜಿನ್ ಹೊರಟ ತಕ್ಷಣ ಪಂಪಿನ ಸುತ್ತ, ಪ್ರತಿ ಕ್ಲಿಪ್ಪಿನ ಬುಡದಲ್ಲಿ ಟಾರ್ಚ್ ಹಿಡಿದು ನೋಡಿ. ಒಣ ದಿನಪತ್ರಿಕೆಯ ಚೂರನ್ನು ಒಂದೊಂದು ಕೂಡುಜಾಗಕ್ಕೂ ಒತ್ತಿ. ಕಣ್ಣಿಗೆ ಕಾಣದ ಜಿನುಗೂ ಕಾಗದದ ಮೇಲೆ ಕಲೆಯಾಗಿ ಕಾಣುತ್ತದೆ. ಫ್ಯಾನು, ಬೆಲ್ಟಿನಿಂದ ಕೈ ದೂರವಿರಲಿ. ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಮತ್ತೆ ನೋಡಿ. ನಾಲ್ಕೈದು ಕಿ.ಮೀ. ಸುತ್ತಿ ಬಂದು ಇಂಜಿನ್ ತಣಿದ ಮೇಲೆ ಪಂಪಿನ ಬೋಲ್ಟುಗಳಿಗೆ ಒಮ್ಮೆ ಸ್ಪ್ಯಾನರ್ ತಾಗಿಸಿ. ಹೊಸ ಪ್ಯಾಕಿಂಗ್ ಅಮುಕಿಕೊಂಡು ಅವು ಸ್ವಲ್ಪ ಸಡಿಲವಾಗಿರುತ್ತವೆ.

ಹೊಸ ಪಂಪ್ ಹಾಕಿದ ಮೇಲೆ ಕಾರ್ಬುರೇಟರ್ ಓವರ್‌ಫ್ಲೋ ಆಗತೊಡಗಿದರೆ ಪಂಪನ್ನು ಬೈಯಬೇಡಿ. ಹಳೆಯ ಪಂಪಿನ ಸೋತ ಒತ್ತಡಕ್ಕೆ ಹೇಗೋ ಮುಚ್ಚಿಕೊಳ್ಳುತ್ತಿದ್ದ ಸವೆದ ನೀಡಲ್ ವಾಲ್ವ್ (ಫ್ಲೋಟ್ ಚೇಂಬರ್ ತುಂಬಿದಾಗ ಪೆಟ್ರೋಲ್ ತಡೆಯುವ ಸೂಜಿ) ಈಗ ಸರಿಯಾದ ಒತ್ತಡ ತಡೆಯಲಾರದೆ ಬಿಟ್ಟುಕೊಡುತ್ತಿದೆ. ವಾಪಸ್ ಪೈಪ್ ಎಲ್ಲಾದರೂ ಕಟ್ಟಿದ್ದರೂ ಹೀಗೇ ಆಗುತ್ತದೆ. ಆ ಪೈಪನ್ನು ಪಂಪಿನ ಬಳಿ ಕಳಚಿ ಟ್ಯಾಂಕಿನ ಕಡೆಗೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಬಿಟ್ಟರೆ ತಡೆಯಿಲ್ಲದೆ ಹೋಗಬೇಕು.

ಅಸಲಿ ಪಂಪ್ ಸಿಗಲಿಲ್ಲವೆಂದು ಕರೆಂಟ್ ಪಂಪ್ ಹಾಕಿಸುವವರಿಗೆ ಒಂದು ಮಾತು. ಎಂಪಿಎಫ್‌ಐ ಗಾಡಿಯ ಪಂಪ್ ಇದಕ್ಕೆ ಹೊಂದುವುದೇ ಇಲ್ಲ, ಅದರ ಒತ್ತಡಕ್ಕೆ ಕಾರ್ಬುರೇಟರ್ ಉಕ್ಕಿ ಹರಿಯುತ್ತದೆ. ಕಾರ್ಬುರೇಟರಿಗೆಂದೇ ಮಾಡಿದ ಕಡಿಮೆ ಒತ್ತಡದ ಪಂಪ್ ಬೇಕು. ಇಂಜಿನ್ ನಿಂತ ಕೂಡಲೇ ಕರೆಂಟ್ ಕಡಿಯುವ ರಿಲೇಯೂ ಬೇಕು, ಇಲ್ಲದಿದ್ದರೆ ಅಪಘಾತದಲ್ಲಿ ಪೈಪ್ ಹರಿದಾಗ ಗಾಡಿ ನಿಂತರೂ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಹಳೆಯ ಪಂಪ್ ಬಿಚ್ಚಿದ ಜಾಗಕ್ಕೆ ಪ್ಯಾಕಿಂಗ್ ಸಮೇತ ಲೋಹದ ಪಟ್ಟಿ ಮುಚ್ಚಬೇಕು, ಕಡ್ಡಿಯನ್ನೂ ಹೊರಗೆ ತೆಗೆದಿಡಬೇಕು.

ಅಂಬಾಸಿಡರಿನಂಥ ಇನ್ನೂ ಹಳೆಯ ಗಾಡಿಗಳ ಎ.ಸಿ. ಪಂಪುಗಳನ್ನು ಸ್ಕ್ರೂ ಬಿಚ್ಚಿ ತೆರೆಯಬಹುದಾದರೆ ಡಯಾಫ್ರಮ್ ಕಿಟ್ ತಂದು ಹಾಕಬಹುದು. ಬಿಚ್ಚುವ ಮೊದಲು ಮೇಲಿನ ಮತ್ತು ಕೆಳಗಿನ ಭಾಗದ ಮೇಲೆ ಅಡ್ಡಲಾಗಿ ಒಂದು ಗೀಟು ಎಳೆದುಕೊಳ್ಳಿ, ಜೋಡಿಸುವಾಗ ಮೂತಿಗಳು ಅದೇ ದಿಕ್ಕಿಗೆ ಬರುತ್ತವೆ. ಅಂಚು ಮಡಚಿ ಮುಚ್ಚಿದ ಪಂಪುಗಳನ್ನು ತೆರೆಯಲು ಹೋಗಬೇಡಿ.

ಇಳಿಸಿದ ಆಯಿಲಿನಲ್ಲಿ ಪೆಟ್ರೋಲ್ ಇದೆ. ಅದನ್ನು ಚರಂಡಿಗೆ, ತೆಂಗಿನ ಬುಡಕ್ಕೆ ಸುರಿಯಬೇಡಿ, ಗೆದ್ದಲಿಗೆಂದು ಮರಕ್ಕೆ ಬಳಿಯಲೂ ಬೇಡಿ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತುಂಬಿ, ‘ಪೆಟ್ರೋಲ್ ಬೆರೆತಿದೆ’ ಎಂದು ಬರೆದು, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಹೊಸ ಆಯಿಲ್ ಹಾಕಿ 500 ಕಿ.ಮೀ. ಓಡಿದ ಮೇಲೆ ಡಿಪ್‌ಸ್ಟಿಕ್ ಮತ್ತೊಮ್ಮೆ ಎಳೆದು ಮೂಸಿ ನೋಡಿ. ಮಟ್ಟ ಏರಿರಬಾರದು, ಪೆಟ್ರೋಲ್ ವಾಸನೆ ಬರಬಾರದು.